ಪ್ರಶ್ನೋತ್ತರ: ಹಟ್ಟಿಗೆ ರೋಗ ಬಂದಾಗ ಕಾನೂನು ಏನು ಹೇಳುತ್ತದೆ?

ಜಾನುವಾರುಗಳ ಸಾಂಕ್ರಾಮಿಕ ರೋಗಗಳು ಮತ್ತು ಅವುಗಳನ್ನು ತಡೆಯುವ ಕಾನೂನಿನ ಬಗ್ಗೆ ಮುಂಬಯಿ, ಪುಣೆ ಮತ್ತು ಗೋವಾದ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಕೇಳಿದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಕುಂದಾಪುರದ ಕಡೆಯಿಂದ ಬಂದು ನೆಲೆಸಿದ ನಮ್ಮ ಕುಟುಂಬಕ್ಕೆ ಜೋಗೇಶ್ವರಿಯಲ್ಲಿ ಒಂದು ಸಣ್ಣ ತಬೇಲಾ (ಹಾಲಿನ ಎಮ್ಮೆಗಳ ಕೊಟ್ಟಿಗೆ) ಇದೆ. ಪಕ್ಕದ ತಬೇಲಾದ ಎರಡು ಎಮ್ಮೆಗಳು ಜೊಲ್ಲು ಸುರಿಸುತ್ತ ಮೇವು ಬಿಟ್ಟು ನಿಂತಿವೆ. ಡಾಕ್ಟರನ್ನು ಕರೆದರೆ ಹಾಲು ಮಾರುವುದನ್ನು ನಿಲ್ಲಿಸುತ್ತಾರೆ, ಲೈಸೆನ್ಸಿಗೂ ತೊಂದರೆಯಾಗುತ್ತದೆ ಎಂದು ಮಾಲೀಕರು ಸುಮ್ಮನಿದ್ದಾರೆ. ಎರಡೂ ತಬೇಲಾಗಳಿಗೆ ನೀರಿನ ತೊಟ್ಟಿ ಒಂದೇ. ನಾನು ತಿಳಿಸಿದರೆ ನೆರೆಯವರ ಸಂಬಂಧ ಕೆಡುತ್ತದೆ. ಕಾನೂನಿನ ಪ್ರಕಾರ ನಾನೇನು ಮಾಡಬೇಕು? (ಜೋಗೇಶ್ವರಿ, ಮುಂಬಯಿ)

ಕಾನೂನಿಗೆ ಮೊದಲು ನೀರಿನ ವಿಚಾರ ಹೇಳುತ್ತೇನೆ. ಈ ಪತ್ರಿಕೆ ನಿಮ್ಮ ಕೈಗೆ ಬಂದ ದಿನವೇ ನಿಮ್ಮ ಎಮ್ಮೆಗಳಿಗೆ ಆ ತೊಟ್ಟಿಯ ನೀರನ್ನು ನಿಲ್ಲಿಸಿ, ಬಕೆಟ್ಟುಗಳನ್ನು ಬೇರೆ ಮಾಡಿಕೊಳ್ಳಿ. ಎರಡೂ ಕಡೆ ಹಾಲು ಕರೆಯುವ ಕೆಲಸಗಾರ ಒಬ್ಬನೇ ಆಗಿದ್ದರೆ ಅದನ್ನೂ ಇಂದೇ ತಪ್ಪಿಸಿ.

ನೀವು ಬರೆದಿರುವ ಲಕ್ಷಣಗಳು ಕಾಲುಬಾಯಿ ರೋಗದವು. ಬಾಯಿಂದ ಹಗ್ಗದಂತೆ ಇಳಿಬೀಳುವ ಜೊಲ್ಲು, ತುಟಿ ಬಡಿದಂತೆ ಚಪ್ ಚಪ್ ಎಂಬ ಸದ್ದು, ಒಂದು ಕಾಲನ್ನು ಎತ್ತಿ ಎತ್ತಿ ಒದರುವುದು ಇವು ಮೊದಲು ಕಣ್ಣಿಗೆ ಬೀಳುತ್ತವೆ. ಬಾಯಿ ತೆರೆದು ನೋಡಿದರೆ ನಾಲಿಗೆಯ ಮೇಲೆ ಒಡೆದ ಗುಳ್ಳೆಯ ಸಿಪ್ಪೆ ಕಿತ್ತು ಕೆಂಪು ಮಾಂಸ ಕಾಣುತ್ತದೆ. ಗೊರಸಿನ ಸಂದಿನಲ್ಲಿಯೂ ಹಾಗೆಯೇ ಹುಣ್ಣಾಗಿರುತ್ತದೆ. ದೊಡ್ಡ ಎಮ್ಮೆ ಸಾಮಾನ್ಯವಾಗಿ ಬದುಕಿಕೊಳ್ಳುತ್ತದೆ, ಆದರೆ ಅದರ ಹಾಲು ಮೊದಲಿನ ಮಟ್ಟಕ್ಕೆ ಬರುವುದು ಕಷ್ಟ. ಎಳೆಯ ಕರುಗಳಲ್ಲಿ ರೋಗ ಹೃದಯದ ಸ್ನಾಯುವಿಗೆ ಹೊಕ್ಕು, ಬಾಯಲ್ಲಿ ಒಂದು ಗುಳ್ಳೆಯೂ ಕಾಣದೆ ಕರು ನಿಂತಲ್ಲೇ ಬಿದ್ದು ಸಾಯುವುದುಂಟು. ಲಕ್ಷಣ ಹೊರಗೆ ಕಾಣುವ ಮೊದಲೇ ಪ್ರಾಣಿ ವೈರಸ್ಸನ್ನು ಹೊರಹಾಕತೊಡಗಿರುತ್ತದೆ. ಹಾಗಾಗಿ ಇಲ್ಲಿ ಒಂದೊಂದು ದಿನದ ಮೌನವೂ ದುಬಾರಿ.

ಇನ್ನು ಕಾನೂನು. ಇಡೀ ದೇಶಕ್ಕೆ ಅನ್ವಯಿಸುವ ಕಾಯ್ದೆ 2009ರದ್ದು; ಪ್ರಾಣಿಗಳಲ್ಲಿ ಸೋಂಕು ಮತ್ತು ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣ ಕಾಯ್ದೆ ಎಂದು ಅದರ ಹೆಸರು. ಅದರ ಅನುಸೂಚಿಯಲ್ಲಿ ಹೆಸರಿಸಿರುವ ರೋಗಗಳಲ್ಲಿ ಕಾಲುಬಾಯಿ ರೋಗವೂ ಒಂದು. ಅಂಥ ರೋಗ ಬಂದಿದೆ ಎಂದು ನಂಬಲು ಕಾರಣವಿದ್ದರೆ, ಪ್ರಾಣಿಯ ಮಾಲೀಕನಾಗಲಿ, ಅದು ಯಾರ ವಶದಲ್ಲಿದೆಯೋ ಅವರಾಗಲಿ ವರದಿ ಮಾಡಲೇಬೇಕು ಎಂದು 4ನೇ ಕಲಂ ಹೇಳುತ್ತದೆ. ರೋಗ ಖಚಿತವಾಗುವವರೆಗೆ ಕಾಯಲು ಅದು ಹೇಳುವುದಿಲ್ಲ, ಅನುಮಾನವೇ ಸಾಕು. 5ನೇ ಕಲಂ ನಿಮ್ಮ ಪ್ರಶ್ನೆಗೆ ನೇರ ಉತ್ತರ: ರೋಗ ತಗುಲಿದ ಪ್ರಾಣಿಯನ್ನು ಮಾಲೀಕ ಬೇರೆ ಕಟ್ಟಬೇಕು, ಸಾರ್ವಜನಿಕ ಜಾಗದಲ್ಲಿ ಮೇಯಲು ಬಿಡಬಾರದು, ಎಲ್ಲರೂ ಬಳಸುವ ಪಾತ್ರೆ, ಕೆರೆ ಅಥವಾ ಹೊಳೆಯ ನೀರು ಕುಡಿಯಲು ಬಿಡಬಾರದು. ನಿಮ್ಮ ಎರಡು ತಬೇಲಾಗಳ ನಡುವಿನ ತೊಟ್ಟಿ ಈ ಮಾತಿನೊಳಗೆ ಬರುತ್ತದೆ. ಇವೆರಡೂ ಕರ್ತವ್ಯಗಳು ಜಾರಿಗೆ ಬರಲು ಸರಕಾರದ ಯಾವ ಅಧಿಸೂಚನೆಯೂ ಬೇಕಿಲ್ಲ. ನಮ್ಮ ಪ್ರದೇಶಕ್ಕೆ ಇನ್ನೂ ಆದೇಶ ಬಂದಿಲ್ಲವಲ್ಲ ಎಂಬ ವಾದವನ್ನು ನಾನು ಹಲವು ತಬೇಲಾಗಳಲ್ಲಿ ಕೇಳಿದ್ದೇನೆ, ಅದು ಸರಿಯಲ್ಲ.

ನೀವು ಪಕ್ಕದವರ ಎಮ್ಮೆಯ ಮಾಲೀಕರಲ್ಲ, ಆದ್ದರಿಂದ ವರದಿ ಮಾಡುವ ಕಡ್ಡಾಯ ನಿಮಗಿಲ್ಲ. ಆದರೆ ಪಶುವೈದ್ಯರು ಯಾರಿಂದ ಸುದ್ದಿ ಬಂದರೂ, ಸ್ವತಃ ಅನುಮಾನ ಬಂದರೂ ಮುಂದುವರಿಯಬಹುದು. ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ನೆರೆಯವರ ಹತ್ತಿರ ಕುಳಿತು ಒಂದು ಮಾತು ಸ್ಪಷ್ಟ ಮಾಡುತ್ತಿದ್ದೆ: ಎಮ್ಮೆಗೆ ರೋಗ ಬಂತು ಎಂಬುದನ್ನು ಈ ಕಾಯ್ದೆ ಎಲ್ಲಿಯೂ ಅಪರಾಧ ಎಂದು ಕರೆದಿಲ್ಲ, ಅದನ್ನು ಮುಚ್ಚಿಟ್ಟದ್ದು, ಬೇರೆ ಕಟ್ಟದೆ ಬಿಟ್ಟದ್ದು, ಸಂತೆಗೆ ಹೊಡೆದುಕೊಂಡು ಹೋದದ್ದು ಅಪರಾಧ. ಮುಂಬಯಿಯಂಥ ನಗರದಲ್ಲಿ ದನ ಸಾಕಲು 1976ರ ಮಹಾರಾಷ್ಟ್ರದ ಕಾಯ್ದೆಯಂತೆ ಲೈಸೆನ್ಸ್ ಬೇಕು ಎಂಬುದು ನಿಜ. ಆ ಲೈಸೆನ್ಸಿನ ಭಯದಿಂದ ರೋಗವನ್ನು ಬಚ್ಚಿಡುವವರು ಎರಡನೆಯ ತಪ್ಪನ್ನು ತಾವಾಗಿ ತಲೆಯ ಮೇಲೆ ಹಾಕಿಕೊಳ್ಳುತ್ತಾರೆ. ಮಾತು ನಡೆಯದಿದ್ದರೆ ತಡ ಮಾಡದೆ ಸರಕಾರಿ ಪಶುವೈದ್ಯರಿಗೆ ಬರಹದಲ್ಲಿ ತಿಳಿಸಿ, ಒಂದು ಪ್ರತಿ ನಿಮ್ಮ ಬಳಿ ಇಟ್ಟುಕೊಳ್ಳಿ. ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೂ ಕರೆ ಮಾಡಬಹುದು. ನಿಮ್ಮ ಎಮ್ಮೆಗಳೂ ಮಲಗಿದ ಮೇಲೆ ಸಂಬಂಧ ಹೇಗೂ ಉಳಿಯುವುದಿಲ್ಲ.

ಇನ್ನೊಂದು ಅಪಾಯವನ್ನು ನೀವು ಬರೆದಿಲ್ಲ, ಆದರೆ ಮುಂಬಯಿಯ ತಬೇಲಾಗಳಲ್ಲಿ ಅದೇ ದೊಡ್ಡದು. ಇಲ್ಲಿಗೆ ಹೈನಿನ ಎಮ್ಮೆಗಳು ಹರಿಯಾಣ, ಗುಜರಾತಿನಿಂದ ಲಾರಿಯಲ್ಲಿ ಬರುತ್ತವೆ. ಹಾಲು ಬತ್ತಿದ ಮೇಲೆ ಹೊರಗೆ ಹೋಗುತ್ತವೆ. ಹುಣ್ಣು ಒಣಗುವ ಮೊದಲೇ ಬತ್ತಿದ ಎಮ್ಮೆಯನ್ನು ಸಾಗಹಾಕುವವರಿದ್ದಾರೆ. ಸೋಂಕಿನ ಪ್ರಾಣಿಯನ್ನು ಸಂತೆಗೆ ಅಥವಾ ಜಾತ್ರೆಗೆ ತರುವುದನ್ನು ಕಾಯ್ದೆ ಸ್ಪಷ್ಟವಾಗಿ ನಿಷೇಧಿಸಿದೆ.

ದಂಡದ ವಿಚಾರದಲ್ಲಿ ನನ್ನ ಅಸಮಾಧಾನವನ್ನು ಹೇಳಲೇಬೇಕು. 2009ರ ಮೂಲ ಕಾಯ್ದೆಯಲ್ಲಿ ಬರೆದಿರುವ ಸಾಮಾನ್ಯ ದಂಡ ಮೊದಲ ಸಲ 1,000 ರೂಪಾಯಿಯವರೆಗೆ ಮಾತ್ರ, ಮತ್ತೆ ತಪ್ಪು ಮಾಡಿದರೆ 2,000 ರೂಪಾಯಿ, ಅದನ್ನು ಕಟ್ಟದಿದ್ದರೆ ಎರಡು ತಿಂಗಳವರೆಗೆ ಸೆರೆ. ಒಂದು ಒಳ್ಳೆಯ ಎಮ್ಮೆಯ ಎರಡು ದಿನದ ಹಾಲಿನ ಬೆಲೆಗೂ ಈ ದಂಡ ಸಮವಾಗದು. ಅದಕ್ಕಿಂತ ದೊಡ್ಡ ಕೊರತೆ ಎಂದರೆ, ನಿಜ ಹೇಳಿದ ಮಾಲೀಕನಿಗೆ ಇಷ್ಟು ಪರಿಹಾರ ಸಿಗುತ್ತದೆ ಎಂಬ ಮೊತ್ತವನ್ನು ಈ ಕಾಯ್ದೆ ತನ್ನೊಳಗೆ ನಿಗದಿ ಮಾಡಿಲ್ಲ. ಅದು ಆಯಾ ಕಾಲದ ಯೋಜನೆ ಮತ್ತು ಆದೇಶಗಳಿಗೆ ಬಿಟ್ಟ ವಿಷಯವಾಗಿದೆ. ಹಾಲು ನಿಂತ ದಿನಗಳ ನಷ್ಟವನ್ನು ಯಾರು ತುಂಬುತ್ತಾರೆ ಎಂದು ಖಾತರಿಯಿಲ್ಲದ ಮನುಷ್ಯ ಬಾಗಿಲು ಹಾಕಿಕೊಂಡು ಕೂರುತ್ತಾನೆ. ನಿಮ್ಮ ನೆರೆಯವರ ಮೌನಕ್ಕೂ ಬಹುಶಃ ಇದೇ ಕಾರಣ. ವರದಿ ಮಾಡಿದವನಿಗೆ ಪರಿಹಾರದ ಹಕ್ಕನ್ನು ಕಾಯ್ದೆಯಲ್ಲಿಯೇ ಬರೆಯದ ಹೊರತು 4ನೇ ಕಲಂ ಕಾಗದದ ಮೇಲೆ ಎಷ್ಟು ಗಟ್ಟಿಯಾಗಿದ್ದರೂ ತಬೇಲಾದ ಒಳಗೆ ದುರ್ಬಲವಾಗಿಯೇ ಇರುತ್ತದೆ ಎಂದು ನನ್ನ ಗಟ್ಟಿಯಾದ ಅಭಿಪ್ರಾಯ.

ಪ್ರಶ್ನೆ: ನಾನು ಪಿಂಪರಿಯ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದೇನೆ, ಊರು ಇಂಡಿ ತಾಲೂಕು. ಅಣ್ಣನ ಹೊಲಕ್ಕೆ ಸಾಂಗೋಲೆಯ ಸಂತೆಯಲ್ಲಿ ಒಂದು ಜೋಡಿ ಖಿಲಾರಿ ಎತ್ತು ಕೊಂಡು ಊರಿಗೆ ಕಳಿಸಬೇಕೆಂದಿದ್ದೇನೆ. 2022ರಲ್ಲಿ ಹೀಗೆಯೇ ಹೊರಟಾಗ ಚರ್ಮಗಂಟು ರೋಗದ ಕಾರಣ ಸಂತೆಯೇ ಮುಚ್ಚಿತ್ತು. ಮತ್ತೆ ಹಾಗಾದರೆ ಏನು ನಿಯಮ? ಯಾವ ಕಾಗದ ಬೇಕು? (ಪಿಂಪರಿ, ಪುಣೆ)

ಆ ವರ್ಷ ನಡೆದದ್ದನ್ನು ತಿಳಿದುಕೊಂಡರೆ ನಿಯಮವೂ ತಿಳಿಯುತ್ತದೆ. ಚರ್ಮಗಂಟು ರೋಗ ಭಾರತದಲ್ಲಿ ಮೊದಲು ಕಾಣಿಸಿಕೊಂಡದ್ದು 2019ರಲ್ಲಿ, ಒಡಿಶಾದಲ್ಲಿ. ಅದಕ್ಕೆ ಹತ್ತು ವರ್ಷ ಮೊದಲೇ ಬರೆದ ಕಾಯ್ದೆಯ ಅನುಸೂಚಿಯಲ್ಲಿ ಆ ರೋಗದ ಹೆಸರಿತ್ತು. ಆದ್ದರಿಂದ 2022ರಲ್ಲಿ ಅದು ಗುಜರಾತ್, ರಾಜಸ್ಥಾನಗಳನ್ನು ದಾಟಿ ಮಹಾರಾಷ್ಟ್ರದ ಜಳಗಾಂವ್ ಕಡೆ ಇಳಿದಾಗ ಹೊಸ ಕಾನೂನನ್ನು ಹುಡುಕಬೇಕಾಗಲಿಲ್ಲ. ಸೆಪ್ಟೆಂಬರಿನಲ್ಲಿ ಇಡೀ ರಾಜ್ಯವನ್ನು 6ನೇ ಕಲಂನಂತೆ ನಿಯಂತ್ರಿತ ಪ್ರದೇಶ ಎಂದು ಘೋಷಿಸಲು ಸಾಧ್ಯವಾಯಿತು. ದೂರದೃಷ್ಟಿಯಿಂದ ಮಾಡಿದ ಆ ಪಟ್ಟಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಘೋಷಣೆಯಾದ ಮೇಲೆ ಹಲವು ಬಾಗಿಲುಗಳು ಒಟ್ಟಿಗೆ ಮುಚ್ಚುತ್ತವೆ. ಆ ಜಾತಿಯ ಪ್ರಾಣಿಗಳನ್ನು ಇದ್ದ ಜಾಗದಿಂದ ಕದಲಿಸುವಂತಿಲ್ಲ. ದನದ ಸಂತೆ, ಜಾತ್ರೆ, ಪ್ರದರ್ಶನ ನಿಲ್ಲುತ್ತವೆ. ರೋಗದ ಪ್ರಾಣಿಯನ್ನು ಮಾತ್ರವಲ್ಲ, ಅದು ಮುಟ್ಟಿದ ಮೇವು, ಹಾಸಿದ ಹುಲ್ಲು, ಸತ್ತದ್ದರ ಚರ್ಮವನ್ನೂ ಹೊರಗೆ ಒಯ್ಯುವಂತಿಲ್ಲ. ಪ್ರದೇಶದ ಎಲ್ಲ ಪ್ರಾಣಿಗಳಿಗೆ ಲಸಿಕೆ ಕಡ್ಡಾಯವಾಗುತ್ತದೆ. ಈ ಘೋಷಣೆಯನ್ನು ಗೆಜೆಟ್ಟಿನಲ್ಲಿ ಅಚ್ಚು ಹಾಕಿ ಕೈತೊಳೆದುಕೊಂಡರೆ ಸಾಲದು, ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ ಪ್ರಕಟಿಸಬೇಕು, ಊರಿನಲ್ಲಿ ಡಂಗುರ ಹೊಡೆಸಿ ಗಟ್ಟಿಯಾಗಿ ಸಾರಬೇಕು ಎಂದು ಕಾಯ್ದೆ ಹೇಳಿರುವುದು ಹೆಚ್ಚಿನವರಿಗೆ ತಿಳಿದಿಲ್ಲ. ಓದು ಬಾರದ ದನಗಾಹಿಯ ಕಿವಿಗೂ ಸುದ್ದಿ ಮುಟ್ಟಲಿ ಎಂಬ ಕಾಳಜಿ ಅದರಲ್ಲಿದೆ.

ಸಾಗಣೆಯ ನಿಷೇಧಕ್ಕೆ 7ನೇ ಕಲಂ ಎರಡು ವಿನಾಯಿತಿ ಕೊಟ್ಟಿದೆ. ಲಸಿಕೆ ಹಾಕಿಸಲು ಹತ್ತಿರದ ಕೇಂದ್ರಕ್ಕೆ ಒಯ್ಯುವುದು ಒಂದು. ಲಸಿಕೆ ಹಾಕಿಸಿಕೊಂಡು, ಮೈಮೇಲೆ ಅದರ ಗುರುತನ್ನೂ ಜೊತೆಯಲ್ಲಿ ಸಿಂಧುವಾದ ಪ್ರಮಾಣಪತ್ರವನ್ನೂ ಹೊಂದಿರುವ ಪ್ರಾಣಿ ಇನ್ನೊಂದು. ಎತ್ತು ಬೇರೆ, ಕಾಗದ ಬೇರೆಯಾಗಿ ಪ್ರಯಾಣ ಮಾಡಿದರೆ ತನಿಖಾ ಠಾಣೆಯಲ್ಲಿ ಅದನ್ನು ತಡೆದು ನಿಲ್ಲಿಸುವ ಅಧಿಕಾರ ಅಧಿಕಾರಿಗಳಿಗಿದೆ. ನಿಮ್ಮ ಊರು ಗಡಿಯಾಚೆ ಇರುವುದರಿಂದ ಇನ್ನೊಂದು ಮಾತು: ಒಂದು ರಾಜ್ಯದಲ್ಲಿ ರೋಗ ಕಂಡರೆ ಅಲ್ಲಿನ ಪಶುಪಾಲನಾ ಇಲಾಖೆಯ ನಿರ್ದೇಶಕರು ಆ ಜಾಗಕ್ಕೆ ಹತ್ತಿರದ ರಾಜ್ಯಗಳ ನಿರ್ದೇಶಕರಿಗೆ ತಿಳಿಸಬೇಕು. ಸೊಲ್ಲಾಪುರದಲ್ಲಿ ಕಂಡ ರೋಗದ ಸುದ್ದಿ ವಿಜಯಪುರಕ್ಕೆ ಎತ್ತಿಗಿಂತ ಮೊದಲು ತಲುಪಬೇಕೆಂಬುದು ಇದರ ಉದ್ದೇಶ. ಖಿಲಾರಿ ತಳಿ ಗಡಿಯ ಎರಡೂ ಬದಿಯ ರೈತರದ್ದು, ಸಂತೆಗಳೂ ಎರಡೂ ಬದಿಯವರವು. ರೋಗವೂ ಅದೇ ದಾರಿಯಲ್ಲಿ ನಡೆಯುತ್ತದೆ.

ನಿರ್ಬಂಧವೇನೂ ಇಲ್ಲದ ಕಾಲದಲ್ಲಿಯೂ ಎತ್ತನ್ನು ಲಾರಿಗೆ ಹತ್ತಿಸುವ ಮೊದಲು, ಅದು ಪ್ರಯಾಣಕ್ಕೆ ಯೋಗ್ಯವಾಗಿದೆ, ಅಂಟುರೋಗವಿಲ್ಲ ಎಂಬ ಪಶುವೈದ್ಯರ ಪ್ರಮಾಣಪತ್ರ ಬೇಕು. 1978ರ ಪ್ರಾಣಿ ಸಾಗಣೆ ನಿಯಮಗಳು ಇದನ್ನು ಹೇಳುತ್ತವೆ. ಒಂದು ಲಾರಿಯಲ್ಲಿ ಆರಕ್ಕಿಂತ ಹೆಚ್ಚು ದನ ತುಂಬಬಾರದೆಂಬುದೂ ಅಲ್ಲಿಯ ನಿಯಮ. ಎರಡೂ ರಾಜ್ಯಗಳ ಗೋಹತ್ಯೆ ತಡೆ ಕಾನೂನುಗಳ ಕಾರಣದಿಂದಲೂ ದಾರಿಯಲ್ಲಿ ವಿಚಾರಣೆ ನಡೆಯುತ್ತದೆ. ಆದ್ದರಿಂದ ಸಂತೆಯ ಖರೀದಿ ರಸೀದಿ, ಹೊಲದ ಪಹಣಿಯ ಪ್ರತಿ, ಕಿವಿಗೆ ಹೊಡೆದ ಗುರುತಿನ ಬಿಲ್ಲೆಯ ಸಂಖ್ಯೆ ಬರೆದ ಲಸಿಕೆ ಕಾಗದ ಇವನ್ನು ಚಾಲಕನ ಕೈಯಲ್ಲಿಯೇ ಕೊಡಿ, ಮತ್ತು ಹೊರಡುವ ಮುನ್ನ ಎರಡೂ ಕಡೆಯ ಪಶುಪಾಲನಾ ಕಚೇರಿಯಲ್ಲಿ ಆಗಿನ ಅನುಮತಿಯ ನಿಯಮವನ್ನು ವಿಚಾರಿಸಿ.

ಊರು ಮುಟ್ಟಿದ ಮೇಲೆ ಹೊಸ ಜೋಡಿಯನ್ನು ಮನೆಯ ದನಗಳಿಂದ ಮೂರ್ನಾಲ್ಕು ವಾರ ದೂರ ಕಟ್ಟಲು ಅಣ್ಣನಿಗೆ ಹೇಳಿ. ಚರ್ಮಗಂಟು ರೋಗವನ್ನು ಸೊಳ್ಳೆ, ಕಚ್ಚುವ ನೊಣ, ಉಣ್ಣೆಗಳು ಹರಡುತ್ತವೆ. ಕೊಂಡ ದಿನ ನುಣುಪಾಗಿದ್ದ ಮೈಮೇಲೆ ವಾರಗಳ ನಂತರ ಗಂಟು ಏಳಬಹುದು. 2022ರಲ್ಲಿ ಈ ರೋಗದಿಂದ ಸತ್ತ ಜಾನುವಾರುಗಳಿಗೆ ಮಹಾರಾಷ್ಟ್ರ ಸರಕಾರ ಹಸುವಿಗೆ 30,000, ಎತ್ತಿಗೆ 25,000, ಕರುವಿಗೆ 16,000 ರೂಪಾಯಿ ಪರಿಹಾರ ಘೋಷಿಸಿತ್ತು. ಅದು ಆ ಸಂದರ್ಭದ ಆದೇಶವಾಗಿತ್ತು ಎಂಬುದನ್ನು ಗಮನಿಸಿ. ಒಳ್ಳೆಯ ಖಿಲಾರಿಯ ಬೆಲೆಗೆ ಆ ಮೊತ್ತ ಹತ್ತಿರವೂ ಬರುವುದಿಲ್ಲ.

ಪ್ರಶ್ನೆ: ನಾನು ಪುಣೆಯಲ್ಲಿ ಇತಿಹಾಸ ಕಲಿಸುತ್ತಿದ್ದ ನಿವೃತ್ತ ಶಿಕ್ಷಕಿ. ಇಂಥ ಕಾನೂನು ಬ್ರಿಟಿಷರ ಕಾಲದಲ್ಲಿ ಇರಲಿಲ್ಲವೆ? (ಪುಣೆ)

ಇತ್ತು, ಆದರೆ ಯಾರಿಗಾಗಿ ಇತ್ತು ಎಂದು ನೋಡಬೇಕು. 1871ರಲ್ಲಿಯೇ ಒಂದು ಸರಕಾರಿ ಆಯೋಗ ದನಗಳ ಮಹಾಮಾರಿಯ ಬಗ್ಗೆ ವರದಿ ಕೊಟ್ಟಿತ್ತು. ನಮ್ಮ ಹಿರಿಯರು ದೊಡ್ಡರೋಗ ಎನ್ನುತ್ತಿದ್ದ ಆ ಪಿಡುಗು ಬಂದರೆ ಊರಿನ ಕೊಟ್ಟಿಗೆಗಳು ಖಾಲಿಯಾಗುತ್ತಿದ್ದವು, ಉಳುವ ಎತ್ತಿಲ್ಲದೆ ಹೊಲ ಬೀಳುತ್ತಿತ್ತು. ಅದರ ಸಂಶೋಧನೆಗಾಗಿ 1889ರಲ್ಲಿ ಇಂಪೀರಿಯಲ್ ಬ್ಯಾಕ್ಟೀರಿಯಾಲಾಜಿಕಲ್ ಲ್ಯಾಬೊರೇಟರಿ ಹುಟ್ಟಿದ್ದು ನಿಮ್ಮ ಪುಣೆಯಲ್ಲಿಯೇ; 1893ರಲ್ಲಿ ಅದು ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. ಇಂದಿನ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಮೂಲ ಅದೇ. ಪುಣೆಯಲ್ಲಿ ಈ ಸಂಗತಿ ಬಲ್ಲವರು ಕಡಿಮೆ ಎಂಬುದು ನನಗೆ ಬೇಸರದ ವಿಷಯ.

ಆದರೆ ಇಡೀ ದೇಶಕ್ಕೆಂದು ಮಾಡಿದ ಕಾನೂನುಗಳಲ್ಲಿ 1899ರ ಗ್ಲ್ಯಾಂಡರ್ಸ್ ಮತ್ತು ಫಾರ್ಸಿ ಕಾಯ್ದೆ, 1910ರ ಡೌರಿನ್ ಕಾಯ್ದೆ ಎರಡೂ ಕುದುರೆ ಕುಲದ ರೋಗಗಳಿಗೆ ಸಂಬಂಧಿಸಿದವು. ಸೈನ್ಯಕ್ಕೆ ಕುದುರೆ ಬೇಕಿತ್ತು. ರೈತನ ದನಕ್ಕೆ ಆಸರೆಯಾಗುವ ಕಾನೂನುಗಳು ಮುಖ್ಯವಾಗಿ ಪ್ರಾಂತಗಳಲ್ಲಿ, ರಾಜ್ಯಗಳಲ್ಲಿ ಬೇರೆ ಬೇರೆಯಾಗಿ ಬಂದವು: ಮುಂಬಯಿಯಲ್ಲಿ 1948ರದ್ದು, ನಮ್ಮ ಮೈಸೂರು ರಾಜ್ಯದಲ್ಲಿ 1961ರದ್ದು. ಗಡಿ ದಾಟಿದರೆ ನಿಯಮ ಬದಲಾಗುವ ಈ ತೊಡಕನ್ನು ನೀಗಲೆಂದೇ 2009ರ ಕೇಂದ್ರ ಕಾಯ್ದೆ ಬಂತು. ಕುದುರೆಗಳ ಆ ಎರಡು ಹಳೆಯ ಕಾಯ್ದೆಗಳನ್ನು ಅದು ರದ್ದುಪಡಿಸಿತು. ದೊಡ್ಡರೋಗ ಭಾರತದಿಂದ ಹೋಗಿದೆ ಎಂಬ ಅಂತರರಾಷ್ಟ್ರೀಯ ಮನ್ನಣೆ 2006ರಲ್ಲಿ ಸಿಕ್ಕಿತು, 2011ರಲ್ಲಿ ಇಡೀ ಜಗತ್ತೇ ಅದರಿಂದ ಮುಕ್ತವಾಯಿತು. ಲಸಿಕೆ, ಸಾಗಣೆಯ ಮೇಲೆ ಕಣ್ಣು, ಹಳ್ಳಿ ಹಳ್ಳಿಯಿಂದ ವರದಿ ಈ ಮೂರೂ ಕೂಡಿದಾಗ ಮಾತ್ರ ಅದು ಸಾಧ್ಯವಾಯಿತು.

ಪ್ರಶ್ನೆ: ನಮ್ಮ ಬಡಾವಣೆಯ ಹತ್ತಿರ ಒಂದು ಹಸು ಇದ್ದಕ್ಕಿದ್ದಂತೆ ಸತ್ತಿತ್ತು, ಮೂಗಿನಿಂದ ರಕ್ತ ಬರುತ್ತಿತ್ತು. ಯಾರೋ ಅದನ್ನು ನಾಲೆಗೆ ತಳ್ಳಿದರು. ಇದು ತಪ್ಪಲ್ಲವೆ? (ವಾಸ್ಕೋ, ಗೋವಾ)

ತಪ್ಪು, ಮತ್ತು ಅಪಾಯಕಾರಿ. ಆರೋಗ್ಯವಾಗಿದ್ದ ದನ ಹಠಾತ್ತನೆ ಸತ್ತು, ಮೂಗು, ಬಾಯಿ, ಗುದದ್ವಾರದಿಂದ ಕಪ್ಪಾದ, ಹೆಪ್ಪುಗಟ್ಟದ ರಕ್ತ ಒಸರುತ್ತಿದ್ದರೆ, ಹೊಟ್ಟೆ ಬೇಗ ಉಬ್ಬಿ ಮೈ ಮಾತ್ರ ಸೆಟೆಯದೆ ಇದ್ದರೆ ಅಂಥ್ರಾಕ್ಸ್ ಎಂದೇ ಭಾವಿಸಿ ನಡೆಯಬೇಕು. ಹೆಣವನ್ನು ಕೊಯ್ದರೆ ಗಾಳಿ ತಾಗಿ ಅದರ ಬ್ಯಾಕ್ಟೀರಿಯಾ ಬೀಜಕಗಳಾಗುತ್ತವೆ; ಅವು ಮಣ್ಣಿನಲ್ಲಿ ದಶಕಗಳ ಕಾಲ ಸಾಯದೆ ಉಳಿಯುತ್ತವೆ. ಆದ್ದರಿಂದ ಚರ್ಮ ಸುಲಿಯಬಾರದು, ಬರಿಗೈಯಲ್ಲಿ ಮುಟ್ಟಬಾರದು, ನಾಯಿ ಹದ್ದುಗಳು ಹತ್ತಿರ ಬರದಂತೆ ಕಾಯಬೇಕು. ಪರೀಕ್ಷೆಗೆ ಪಶುವೈದ್ಯರು ಕಿವಿಯ ನರದಿಂದ ತೆಗೆಯುವ ಒಂದು ಹನಿ ರಕ್ತ ಸಾಕು. ಆ ಮೇಲೆ ಹೆಣವನ್ನು ಸುಡಬೇಕು ಅಥವಾ ನೀರಿನ ಸೆಲೆಯಿಂದ ದೂರದಲ್ಲಿ ಆಳವಾಗಿ ಹೂಳಬೇಕು.

ರೋಗದಿಂದ ಸತ್ತದ್ದೆಂದು ತಿಳಿದಿದ್ದೂ ಹೆಣವನ್ನು ಹೊಳೆ, ಕೆರೆ, ಕಾಲುವೆಗೆ ಹಾಕುವುದಕ್ಕೆ ಕಾಯ್ದೆಯ 33ನೇ ಕಲಂ ಪ್ರತ್ಯೇಕ ಶಿಕ್ಷೆ ಹೇಳಿದೆ. ಸಾಮಾನ್ಯ ದಂಡಕ್ಕಿಂತ ಅದು ಹೆಚ್ಚು. ಮಾಲೀಕರಿಲ್ಲದ ಬೀದಿ ದನಗಳಿಗೆ ಸೋಂಕು ತಗುಲಿದರೆ ಅವನ್ನು ಬೇರ್ಪಡಿಸುವ ಹೊಣೆ ಪುರಸಭೆ ಅಥವಾ ಪಂಚಾಯತಿಯದು. ಹೆಣ ಇನ್ನೂ ಅಲ್ಲಿಯೇ ಇದ್ದರೆ ಪುರಸಭೆಗೂ ಗೋವಾದ ಪಶುಸಂಗೋಪನೆ ಮತ್ತು ಪಶುವೈದ್ಯ ಸೇವೆಗಳ ನಿರ್ದೇಶನಾಲಯಕ್ಕೂ ಒಟ್ಟಿಗೆ ತಿಳಿಸಿ. ಹೆಣವನ್ನು ಎಳೆದವರ ಕೈಮೇಲೆ ನೋವಿಲ್ಲದ, ನಡುವೆ ಕಪ್ಪಾದ ಹುಣ್ಣು ಎದ್ದರೆ ಆ ದಿನವೇ ಆಸ್ಪತ್ರೆಗೆ ಹೋಗಿ, ಸತ್ತ ದನವನ್ನು ಮುಟ್ಟಿದ್ದೆನೆಂದು ವೈದ್ಯರಿಗೆ ಹೇಳಬೇಕು. ಆಂಟಿಬಯಾಟಿಕ್ ಔಷಧ ಬೇಗ ಸಿಕ್ಕರೆ ಇದು ಗುಣವಾಗುವ ರೋಗ.

ಪ್ರಶ್ನೆ: ಮಾಟುಂಗದಲ್ಲಿ ನಮ್ಮದು ಹೋಟೆಲು. ಹಕ್ಕಿಜ್ವರದ ಸುದ್ದಿ ಬಂದರೆ ರೋಗವಿಲ್ಲದ ಕೋಳಿಗಳನ್ನೂ ಕೊಲ್ಲುವುದೇಕೆ? ಮೊಟ್ಟೆ ಬಳಸಬಹುದೆ? (ಮಾಟುಂಗ, ಮುಂಬಯಿ)

ಹಕ್ಕಿಜ್ವರ ಭಾರತದಲ್ಲಿ ಮೊದಲು ದೃಢಪಟ್ಟದ್ದು ಮಹಾರಾಷ್ಟ್ರದಲ್ಲಿಯೇ, 2006ರ ಫೆಬ್ರವರಿಯಲ್ಲಿ, ನಂದುರಬಾರ್ ಜಿಲ್ಲೆಯ ನವಾಪುರದ ಕೋಳಿ ಫಾರಂಗಳಲ್ಲಿ. ಮಾದರಿಯನ್ನು ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯ ದೃಢಪಡಿಸಿದ ಮೇಲೆ, ಈಗಿನ ಪದ್ಧತಿಯಂತೆ, ರೋಗ ಕಂಡ ಜಾಗದ ಸುತ್ತ 1 ಕಿಲೋಮೀಟರ್ ಒಳಗಿನ ಕೋಳಿಗಳನ್ನು ಕೊಲ್ಲುತ್ತಾರೆ, 10 ಕಿಲೋಮೀಟರ್‌ವರೆಗೆ ಕಣ್ಗಾವಲಿಡುತ್ತಾರೆ. ಈ ವೈರಸ್ ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಬೂಟು, ಟ್ರೇ, ವಾಹನದ ಚಕ್ರದ ಮೂಲಕ ಹೋಗುವುದರಿಂದ, ಇಂದು ಆರೋಗ್ಯವಾಗಿ ಕಾಣುವ ಕೋಳಿಯನ್ನು ನಾಳೆಗಾಗಿ ಕಾಯುವಂತಿಲ್ಲ. ಮನುಷ್ಯರಿಗೆ ತಗುಲಿದರೆ ಪ್ರಾಣಕ್ಕೆ ಕುತ್ತು ತರಬಲ್ಲದು ಎಂಬುದೂ ಕಾರಣ. ಕ್ರೂರವೆನಿಸಿದರೂ ನಾನು ಈ ಕ್ರಮವನ್ನು ಒಪ್ಪುತ್ತೇನೆ. ಕೊಂದ ಕೋಳಿಗಳಿಗೆ ಪರಿಹಾರವಿದೆ, ಅದನ್ನು ಕೇಂದ್ರ ಮತ್ತು ರಾಜ್ಯ ಅರ್ಧರ್ಧ ಭರಿಸುತ್ತವೆ; ರೋಗದಿಂದ ಮೊದಲೇ ಸತ್ತವಕ್ಕೆ ಸಿಗುವುದಿಲ್ಲ. ಬೇಗ ತಿಳಿಸಿದವನಿಗೆ ಲಾಭ, ತಡ ಮಾಡಿದವನಿಗೆ ನಷ್ಟ ಎಂಬ ಈ ಲೆಕ್ಕ ಸರಿಯಾಗಿದೆ. ದನ ಎಮ್ಮೆಗಳಿಗೂ ಇಂಥದೇ ಏರ್ಪಾಡು ಬೇಕು.

ಮೊಟ್ಟೆ, ಮಾಂಸದ ಒಳಭಾಗಕ್ಕೆ 70 ಡಿಗ್ರಿ ಸೆಲ್ಸಿಯಸ್ ಶಾಖ ತಲುಪುವಂತೆ ಬೇಯಿಸಿದರೆ ವೈರಸ್ ಉಳಿಯುವುದಿಲ್ಲ. ಅಂಥ ದಿನಗಳಲ್ಲಿ ಅರೆಬೆಂದ ಮೊಟ್ಟೆ ಕೊಡಬೇಡಿ. ಹಸಿ ಮಾಂಸ ಕತ್ತರಿಸಿದ ಹಲಗೆ, ಚಾಕುಗಳಿಗೆ ತರಕಾರಿ ತಾಗದಿರಲಿ. ನಿಮ್ಮ ಸರಬರಾಜುದಾರರು ನಿರ್ಬಂಧಿತ ಪ್ರದೇಶದಿಂದ ಮಾಲು ತರುತ್ತಿಲ್ಲವೆಂದು ಬಿಲ್ಲಿನಲ್ಲಿ ಊರಿನ ಹೆಸರು ಬರೆಸಿಕೊಳ್ಳಿ.

ಪ್ರಶ್ನೆ: ನಮ್ಮ ಹಸುವಿನ ಕಿವಿಗೆ ಹಳದಿ ಬಿಲ್ಲೆ ಹೊಡೆದಿದ್ದಾರೆ. ಕರುವಿಗೂ ಬೇಕೆ? ಕಂದು ಹಾಕುವ (ಗರ್ಭ ಬಿದ್ದುಹೋಗುವ) ರೋಗದ ಲಸಿಕೆ ಎಲ್ಲ ದನಕ್ಕೂ ಹಾಕಿಸಬೇಕೆ? (ಫೋಂಡಾ, ಗೋವಾ)

ಆ ಬಿಲ್ಲೆಯಲ್ಲಿ ಹನ್ನೆರಡು ಅಂಕಿಯ ಸಂಖ್ಯೆ ಇರುತ್ತದೆ. ಲಸಿಕೆ ಯಾವಾಗ ಬಿತ್ತು, ಪ್ರಾಣಿ ಯಾರದು ಎಂಬ ದಾಖಲೆ ಅದರ ಮೇಲೆ ನಿಂತಿದೆ, ಆದ್ದರಿಂದ ಕರುವಿಗೂ ಹಾಕಿಸಿ. ಮುಂದೆ ಮಾರುವಾಗ, ಸಾಗಿಸುವಾಗ ಅದೇ ನಿಮ್ಮ ಸಾಕ್ಷಿ. ಗಾಯವಾದರೆ ಬೇವಿನೆಣ್ಣೆ ಹಚ್ಚಿ, ನೊಣ ಕೂರದಂತೆ ನೋಡಿಕೊಳ್ಳಿ.

ಕಂದು ರೋಗ, ಅಂದರೆ ಬ್ರೂಸೆಲ್ಲೋಸಿಸ್ ಲಸಿಕೆ ಎಲ್ಲ ದನಕ್ಕಲ್ಲ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಂತೆ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಜೀವಮಾನದಲ್ಲಿ ಒಂದೇ ಸಲ ಹಾಕುತ್ತಾರೆ. ಗಂಡುಕರುಗಳಿಗೆ, ಗಬ್ಬದ ಹಸುಗಳಿಗೆ ಹಾಕಿಸಬಾರದು. ಕಾಲುಬಾಯಿ ರೋಗದ ಲಸಿಕೆ ಬೇರೆ, ಅದು ಆರು ತಿಂಗಳಿಗೊಮ್ಮೆ. ಕಂದು ಹಾಕಿದ ಹಸುವಿನ ಕಸವನ್ನು (ಮಾಸನ್ನು) ಬರಿಗೈಯಲ್ಲಿ ತೆಗೆಯಬೇಡಿ, ಅದರ ಹಾಲನ್ನು ಕಾಯಿಸದೆ ಯಾರಿಗೂ ಕೊಡಬೇಡಿ; ಈ ರೋಗ ಮನುಷ್ಯರಿಗೆ ಬಂದರೆ ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಜ್ವರ, ಕೀಲುನೋವು ಕಾಡುತ್ತದೆ. ನಿಮ್ಮ ಕರುವಿಗೆ ಎಷ್ಟು ತಿಂಗಳೆಂದು ಬರೆದಿಲ್ಲ. ಎಂಟು ತುಂಬಿಲ್ಲದಿದ್ದರೆ ಈ ವಾರವೇ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.